ಬೈಸಿಕೊಳ್ಳದವಳು

೨೦೧೯ನೇ ಇಸವಿ ಮಾರ್ಚ್ ೧೭, ಭಾನುವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಫುಟ್‌ಬಾಲ್ ಮೈದಾನದ ಹಿಂಬದಿಯ ಉಗ್ರಾಣದ ಬೀಗ ಕೊನೆಗೂ ತೆರೆದುಕೊಂಡಿತು. ಗಡಿಯಾರ ನೋಡಿಕೊಂಡವಳು ಅಕ್ಕ ಒಬ್ಬಳೇ. ಉಳಿದ ಮೂವರು ಅಷ್ಟು ಹೊತ್ತೂ ತುಕ್ಕು ಹಿಡಿದ ಬೀಗದ ಜೊತೆ ಗುದ್ದಾಡುತ್ತಿದ್ದರು.

"ಎರಡು ಹನಿ ಎಣ್ಣೆ ಬಿಡೇ ಅಂದ್ರೆ ಬಾಗಿಲಿಗೇ ಸ್ನಾನ ಮಾಡಿಸ್ತಿದೀಯಲ್ಲ," ಎಂದು ಕ್ಯಾಪ್ಟನ್ ಗೋಲ್‌ಕೀಪರನ್ನು ಗದರಿದಳು. "ಚೆಂಡನ್ನೂ ಹೀಗೇ ಕೈಜಾರಿಸ್ತಿದ್ದೆ."

"ಕೈಜಾರಿಸಿದ್ದು ನಾನು, ಬೈಸ್ಕೊಂಡಿದ್ದು ನೀನು. ಆ ಸಿಟ್ಟು ಇನ್ನೂ ಇಳಿದಿಲ್ಲ ನಿಂಗೆ," ಎಂದಳು ಗೋಲ್‌ಕೀಪರ್.

ಇಪ್ಪತ್ತೈದು ವರ್ಷಗಳ ಹಿಂದೆ ಇವರು ನಾಲ್ವರೂ ಒಂದೇ ಮಹಿಳಾ ತಂಡದಲ್ಲಿ ಆಡಿದವರು. ಕ್ಯಾಪ್ಟನ್ ಈಗ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಗೋಲ್‌ಕೀಪರ್ ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಮುಂಚೂಣಿಯಲ್ಲಿ ಆಡುತ್ತಿದ್ದ, ಅಕ್ಕನ ಒಡಹುಟ್ಟಿದ ತಂಗಿ ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಾಳೆ. ಅವಳ ಗಂಟಲು ಕೇಳಿ ಎಷ್ಟೋ ಮಂದಿ ಎರಡನೇ ದಿನ ಬಂದಿಲ್ಲವಂತೆ. ಅಕ್ಕ ರಕ್ಷಣಾ ಸಾಲಿನ ನಾಲ್ಕನೇ ನಂಬರು. ತಂಗಿ ಕರೆದದ್ದನ್ನೇ ಕೇಳಿ ಇಡೀ ತಂಡವೇ ಅವಳನ್ನು ಅಕ್ಕ ಎಂದು ಕರೆಯಲು ಶುರುಮಾಡಿ, ಆ ಹೆಸರೇ ಉಳಿದುಬಿಟ್ಟಿತು. ಅಕ್ಕನಿಗೆ ಈಗ ನಲವತ್ತನಾಲ್ಕು. ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಹಿರಿಯ ತಂತ್ರಜ್ಞೆ.

ಅವರ ಕೋಚ್ ಸಾರ್ ತೀರಿಕೊಂಡು ಹನ್ನೊಂದು ದಿನವಾಗಿತ್ತು. ಅಂದು ಸಂಜೆ ಐದಕ್ಕೆ ಮೈದಾನದ ಪಕ್ಕದ ಸಭಾಂಗಣದಲ್ಲಿ ನೆನಪಿನ ಸಭೆ. ಅದಕ್ಕೂ ಮೊದಲು, ಸಾರ್ ಕೈಯಲ್ಲೇ ಇದ್ದ ಉಗ್ರಾಣವನ್ನು ಖಾಲಿ ಮಾಡಿಕೊಡಿ ಎಂದು ಅವರ ಹೆಂಡತಿ ಬೀಗದ ಕೈ ಕಳಿಸಿದ್ದರು. ಸಭೆಯಲ್ಲಿ ಹಳಬರೆಲ್ಲ ಎರಡೆರಡು ನಿಮಿಷ ಮಾತಾಡಬೇಕು. ವಿಷಯವನ್ನು ಕ್ಯಾಪ್ಟನ್ನೇ ಫೋನಿನಲ್ಲಿ ಗೊತ್ತುಮಾಡಿದ್ದಳು: "ಸಾರ್ ನಿಮಗೆ ಹೇಗೆ ಬೈದ್ರು ಅನ್ನೋದನ್ನ ಹೇಳಿ ಸಾಕು. ಯಾರೂ ಅಳಬಾರದು. ಅತ್ತರೆ ಸಾರ್‌ಗೆ ಆಗ್ತಿರ್ಲಿಲ್ಲ."

ಅಕ್ಕ ತನ್ನ ಎರಡು ನಿಮಿಷವನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದಳು. ಓದಿ ನೋಡಿಕೊಂಡಿದ್ದಳು, ಒಂದು ನಿಮಿಷ ಐವತ್ತು ಸೆಕೆಂಡ್ ಹಿಡಿಯುತ್ತದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಬ್ಬ ರೋಗಿಯ ಚೀಟಿಯಲ್ಲೂ ಎಡವನ್ನು ಬಲ ಎಂದು ಬರೆಯದ ಆ ಹೆಂಗಸು ಬರೆದದ್ದರಲ್ಲಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೂ ನಿಜವಿರಲಿಲ್ಲ. ಯಾಕೆಂದರೆ ಸಾರ್ ಅವಳಿಗೆ ಬೈದೇ ಇರಲಿಲ್ಲ. ಮೂರು ವರ್ಷದಲ್ಲಿ, ಒಂದೇ ಒಂದು ಸಲ ಕೂಡ.

ಹೊರಗಿನವರಿಗೆ ಇದು ಹೆಮ್ಮೆಪಡುವ ಮಾತು ಅನ್ನಿಸಬಹುದು. ಆ ತಂಡದಲ್ಲಿ ಹಾಗಿರಲಿಲ್ಲ. ಸಾರ್ ಹಗಲೆಲ್ಲ ಮುದ್ರಣಾಲಯದಲ್ಲಿ ಅಚ್ಚು ಜೋಡಿಸುತ್ತಿದ್ದರು. ಸಂಜೆ ನಾಲ್ಕೂವರೆಗೆ ಸೀದಾ ಮೈದಾನಕ್ಕೆ ಬರುತ್ತಿದ್ದರು, ಬೆರಳಿಗೆಲ್ಲ ಕಪ್ಪು ಮಸಿ. ತಪ್ಪು ಮಾಡಿದವಳನ್ನು ಆಟದ ನಡುವೆಯೇ ನಿಲ್ಲಿಸಿ, ಅವಳ ಮುಂದೆ ಕೆಸರಿನಲ್ಲಿ ಮಂಡಿಯೂರಿ ಕೂರುತ್ತಿದ್ದರು. ಅವಳ ಬೂಟಿನ ಲೇಸು ಬಿಚ್ಚಿ, ಮೊದಲಿನಿಂದ ಬಿಗಿಯಾಗಿ ಕಟ್ಟುತ್ತಾ, ತಲೆಯೆತ್ತದೆ ಬೈಯುತ್ತಿದ್ದರು. "ಕಣ್ಣು ಎಲ್ಲಿಟ್ಟಿದ್ದೆ? ಮನೇಲಿ ಮರೆತು ಬಂದ್ಯಾ? ಎಮ್ಮೆಗೆ ಕೋಡಾದ್ರೂ ಇರುತ್ತೆ, ಅಡ್ಡ ಬಂದವರಿಗೆ ತಿವಿಯೋಕೆ. ನಿಂಗೇನಿದೆ?" ಬೈಗುಳ ಮುಗಿಯುವುದಕ್ಕೂ ಗಂಟು ಬೀಳುವುದಕ್ಕೂ ಸರಿಹೋಗುತ್ತಿತ್ತು. ಕೊನೆಗೆ ಬೂಟಿನ ಮೂತಿಗೆ ಒಂದು ಏಟು ಕೊಟ್ಟು, "ಹೋಗು, ಓಡು," ಎನ್ನುತ್ತಿದ್ದರು. ಹಾಗೆ ಕಟ್ಟಿಸಿಕೊಂಡ ಕಾಲು ಅವತ್ತಿಡೀ ನೆಲ ಮುಟ್ಟುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು.

ಬಿಳಿ ಲೇಸಿನ ಮೇಲೆ ಅವರ ಬೆರಳಿನ ಮಸಿ ಉಳಿಯುತ್ತಿತ್ತು. ಹುಡುಗಿಯರು ಅದನ್ನು ತೊಳೆಯುತ್ತಿರಲಿಲ್ಲ. ಯಾರ ಲೇಸು ಎಷ್ಟು ಕಪ್ಪಗಿದೆ ಎಂದು ಬೆಂಚಿನ ಮೇಲೆ ಕಾಲು ಚಾಚಿ ಹೋಲಿಸಿಕೊಳ್ಳುತ್ತಿದ್ದರು. ತಂಗಿಯ ಲೇಸುಗಳು ಎರಡು ಇದ್ದಿಲ ಕಡ್ಡಿಗಳ ಹಾಗಿದ್ದವು. ಅಕ್ಕನವು ಅಂಗಡಿಯಿಂದ ತಂದ ದಿನದಷ್ಟೇ ಬೆಳ್ಳಗೆ.

ಅವಳು ತಪ್ಪು ಮಾಡುತ್ತಿರಲಿಲ್ಲ ಎಂದಲ್ಲ. ಮಾಡುತ್ತಿದ್ದಳು, ಕೆಲವೊಮ್ಮೆ ಬೇಕೆಂದೇ. ಒಂದು ಸಂಜೆ, ಆಗ ಅವಳಿಗೆ ಹದಿನೆಂಟು, ಎರಡೂ ಲೇಸುಗಳನ್ನು ತಾನೇ ಸಡಿಲಿಸಿಕೊಂಡು ಸಾರ್ ಎದುರಿನಿಂದ ಮೂರು ಸಲ ಹಾದುಹೋದಳು. ಮೂರನೇ ಸಲ ಅವರು ನೋಡಿದರು. "ಲೇಸು ಬಿಚ್ಚಿದೆ ನೋಡಮ್ಮ," ಎಂದು ಮೆಲ್ಲಗೆ ಹೇಳಿ ಅವರು ತಂಗಿಯ ಕಡೆ ತಿರುಗಿ, "ಏ ಗಾಳಿಪಟ! ಸೂತ್ರ ಹರಿದು ಎತ್ಲಾಗೆ ಹೊರಟೆ?" ಎಂದು ಮೈದಾನವೇ ನಡುಗುವಂತೆ ಕೂಗಿದರು. ನೋಡಮ್ಮ! ಆ 'ಅಮ್ಮ' ನೆನೆದರೆ ಅಕ್ಕನಿಗೆ ಇಂದಿಗೂ ಕಿವಿಯಲ್ಲಿ ಕಡ್ಡಿ ಆಡಿಸಿದಂತಾಗುತ್ತದೆ. ಅಂಚೆ ಕಚೇರಿಯ ಕಿಟಕಿಯಲ್ಲಿ ಗುರುತಿಲ್ಲದವರು ಮಾತಾಡಿಸುವ ದನಿ ಅದು. ಮರುವಾರ ಅವಳು ಅಪ್ಪನ ಪೆನ್ನನ್ನು ಮೈದಾನಕ್ಕೆ ಒಯ್ದು, ಶಾಯಿ ಬೆರಳಿಗೆ ಹಚ್ಚಿ ಲೇಸಿಗೆ ಒರೆಸಿಕೊಂಡಳು. ಶಾಯಿ ನೀಲಿ. ಬೆಂಚಿನ ಮೇಲೆ ಅದನ್ನು ಮೊದಲು ಕಂಡವಳು ತಂಗಿಯೇ. ಬಾಯಿಬಿಟ್ಟು ಹೇಳಲಿಲ್ಲ, ತನ್ನ ಕಾಲನ್ನು ಅಡ್ಡ ಇಟ್ಟು ಅದನ್ನು ಮರೆಮಾಡಿದಳು. ಅದಕ್ಕಾಗಿ ಅಕ್ಕ ಅವಳನ್ನು ಇಂದಿಗೂ ಪೂರ್ತಿ ಕ್ಷಮಿಸಿಲ್ಲ.

ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಅಭ್ಯಾಸ ಮುಗಿದ ಮೇಲಿನ ಇಪ್ಪತ್ತು ನಿಮಿಷ. ತಡವಾಗಿ ಬರುತ್ತಿದ್ದ ತಂಗಿಗೆ ಸಾರ್ ಕಾಯಂ ಶಿಕ್ಷೆಯೊಂದನ್ನು ಗೊತ್ತುಮಾಡಿದ್ದರು: ಎಲ್ಲರೂ ಹೋದ ಮೇಲೆ ಉಗ್ರಾಣದಲ್ಲಿ ಕೂತು ಬೂಟುಗಳಿಗೆ ಎಣ್ಣೆ ತಿಕ್ಕುವುದು. ಸಾರ್ ಅಲ್ಲೇ ಇರುತ್ತಿದ್ದರು. ಇಬ್ಬರೂ ಒಟ್ಟಿಗೆ ಮನೆಗೆ ಬರಬೇಕೆಂದು ಅಮ್ಮನ ಕಟ್ಟಪ್ಪಣೆ ಇದ್ದುದರಿಂದ ಅಕ್ಕ ಗೇಟಿನ ಬಳಿ ಕಾಯುತ್ತಿದ್ದಳು. ಒಳಗಿನಿಂದ ಬೈಗುಳ ಕೇಳುತ್ತಿತ್ತು, ಆಮೇಲೆ ನಗು. ಸಾರ್ ನಗುತ್ತಾರೆ ಎಂಬುದು ತಂಡದಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಉಗ್ರಾಣದೊಳಗೆ ಧೂಳು ಇಳಿಯಲು ಸ್ವಲ್ಪ ಹೊತ್ತಾಯಿತು. ಗೋಡೆಗೆ ಸಾಲಾಗಿ ಹೊಡೆದ ಗೂಟಗಳಲ್ಲಿ ಹನ್ನೊಂದು ಜೊತೆ ಬೂಟುಗಳು ಹಾಗೇ ನೇತಾಡುತ್ತಿದ್ದವು, ಪ್ರತಿ ಗೂಟದ ಮೇಲೂ ನಂಬರು. ಅವು ಕ್ಲಬ್ಬಿನ ಬೂಟುಗಳು. ಮನೆಗೊಯ್ಯುವಂತಿರಲಿಲ್ಲ. ಇವರ ತಂಡ ಫೈನಲ್ ಸೋತು ಚದುರಿದ ಮೇಲೆ ಸಾರ್ ಅವನ್ನು ಬೇರೆಯವರಿಗೆ ಕೊಟ್ಟೇ ಇರಲಿಲ್ಲ.

"ಅಯ್ಯೋ, ಎಣ್ಣೆ ಹಾಕ್ತಾನೇ ಇದ್ರು ಕಣ್ರೇ," ಎಂದಳು ಗೋಲ್‌ಕೀಪರ್, ತನ್ನ ಬೂಟಿನ ಚರ್ಮ ಒತ್ತಿ ನೋಡುತ್ತಾ. "ನಂಗೆ ಕೊನೇ ಸಲ ಬೈದಿದ್ದು ಗೊತ್ತಲ್ಲ? ನನ್ನ ಮದುವೆ ದಿನ. ಊಟದ ಸಾಲಲ್ಲಿ ಕೂತಲ್ಲಿಂದಾನೇ, 'ಹಾರ ಹಾಕೋವಾಗ ಕೈ ಮುಂದೆ ಬರ್ಬೇಕು, ಎಡಕ್ಕೆ ವಾಲ್ತೀಯ ಈಗಲೂ,' ಅಂದ್ರು. ನಮ್ಮ ಅತ್ತೆ ಮುಂದೆ!"

"ನಂದು ಕೇಳಿ," ಎಂದಳು ಕ್ಯಾಪ್ಟನ್. "ಜ್ವರದಲ್ಲಿ ಆಡಿದ್ದಕ್ಕೆ ಬೈದು, ಭುಜದ ಮೇಲೆ ಹೊತ್ಕೊಂಡು ಮನೆ ತನಕ ಬೈಕೊಂಡೇ ಹೋದ್ರು. ಬಾಗಿಲಲ್ಲಿ ಅಮ್ಮನಿಗೂ ಬೈದ್ರು. ಆಮೇಲೆ ಔಷಧಿ ತಂದ್ಕೊಟ್ಟು ಅಂಗಡಿಯವನಿಗೆ ಬೈಯೋಕೆ ಹೋದ್ರು."

ಎಲ್ಲರೂ ನಕ್ಕರು. ಅಕ್ಕನೂ ತುಟಿ ಅಗಲಿಸಿದಳು. ಇವರು ಒಬ್ಬೊಬ್ಬರೂ ತಮ್ಮ ಬೈಗುಳವನ್ನು ಎದೆಗೊತ್ತಿಕೊಂಡು ಮುದ್ದಾಡುತ್ತಿದ್ದರೆ ಅವಳ ಒಳಗೆ ಕೆಂಡ ಬಿರಿಯುತ್ತಿತ್ತು. ಸಂಜೆ ಓದಬೇಕಾದ ಹಾಳೆಯನ್ನು ಚೀಲದ ಮೇಲಿನಿಂದಲೇ ಮುಟ್ಟಿ ನೋಡಿಕೊಂಡಳು. ಅದರಲ್ಲಿ ಸಾರ್ ಅವಳೆದುರು ಮಂಡಿಯೂರಿದ್ದರು. ಅವಳ ಲೇಸು ಕಟ್ಟುತ್ತಾ, 'ಕಲ್ಲುಕಂಬಕ್ಕೆ ಜೆರ್ಸಿ ಹಾಕಿದ್ರೂ ನಿನಗಿಂತ ಚೆನ್ನಾಗಿ ಆಡ್ತಿತ್ತು,' ಎಂದಿದ್ದರು. ಕಲ್ಲುಕಂಬ ಅವಳದೇ ಕಲ್ಪನೆ. ಎರಡು ರಾತ್ರಿ ಕೂತು ಹುಡುಕಿದ್ದಳು. ತಂಗಿ ಎದುರಿಗೇ ಕೂತಿರುತ್ತಾಳೆ, ಸುಳ್ಳು ಎಂದು ಅವಳಿಗೆ ಗೊತ್ತಾಗುತ್ತದೆ. ಗೊತ್ತಾಗಲಿ. ಹೇಗೂ ಬಾಯಿ ಬಿಡುವುದಿಲ್ಲ, ಕಾಲು ಅಡ್ಡ ಇಟ್ಟು ಮರೆಮಾಡುತ್ತಾಳೆ.

"ಅಕ್ಕಾ, ನಿಂದು ತಗೋ," ಎಂದು ಕ್ಯಾಪ್ಟನ್ ನಾಲ್ಕನೇ ಗೂಟದ ಬೂಟುಗಳನ್ನು ಎಸೆದಳು. ಅಕ್ಕ ಎರಡನ್ನೂ ಹಿಡಿದಳು. ಹಿಡಿದವಳೇ ಮುಖ ಗಂಟಿಕ್ಕಿದಳು. ತೂಕದಲ್ಲಿ ವ್ಯತ್ಯಾಸವಿತ್ತು. ಬೇರೆ ಯಾರಾದರೂ ಆಗಿದ್ದರೆ ಗಮನಕ್ಕೆ ಬರುತ್ತಿರಲಿಲ್ಲವೇನೋ. ಅವಳು ಎಡಗೈ ಬಲಗೈ ಬದಲಿಸಿ ಇನ್ನೊಮ್ಮೆ ತೂಗಿ ನೋಡಿದಳು. ಎಡದ್ದು ಭಾರ. ಒಳಗೆ ಬೆರಳು ಹಾಕಿ ತಳದ ಹಾಳೆಯನ್ನು ಕಿತ್ತಳು. ಹಿಮ್ಮಡಿಯ ಜಾಗದಲ್ಲಿ ಒಂದರ ಮೇಲೊಂದು ಮೂರು ಚರ್ಮದ ತುಂಡು ಅಂಟಿಸಿತ್ತು. ಬಲಬೂಟಿನಲ್ಲಿ ಏನೂ ಇರಲಿಲ್ಲ.

ಕ್ಯಾಪ್ಟನ್ ಇಸಿದುಕೊಂಡು ಬೆಳಕಿಗೆ ಹಿಡಿದಳು. "ಅಂಚಲ್ಲಿ ಹೊಲಿಗೆ ತೂತಿದೆ ನೋಡು. ಇದು ಹಳೇ ಚೆಂಡಿನ ಚರ್ಮ. ಕೈಯಲ್ಲಿ ಕತ್ತರಿಸಿದ್ದು, ಒಂದು ಮಾತ್ರ ಸೊಟ್ಟಗಿದೆ." ಹೊಲಿಗೆಯವಳ ಕಣ್ಣು ತಪ್ಪುವುದಿಲ್ಲ. "ಯಾಕೆ ಹಾಕಿದ್ರು? ನಿಂಗೆ ಮಾತ್ರ ಯಾಕೆ?"

ಆ 'ಮಾತ್ರ' ಅವಳ ಬಾಯಿಂದ ಬಿದ್ದದ್ದೇ ತಡ, ಮುಖ್ಯೋಪಾಧ್ಯಾಯಿನಿಯಾದ ಗೋಲ್‌ಕೀಪರ್ ತನ್ನ ಬೂಟಿನೊಳಗೆ ಕೈ ಹಾಕಿ ತಳ ಕೀಳತೊಡಗಿದಳು. ಕ್ಯಾಪ್ಟನ್ ಚೀಲದಿಂದ ಕತ್ತರಿಯನ್ನೇ ತೆಗೆದಳು. ನಲವತ್ತು ದಾಟಿದ ಇಬ್ಬರು ಗೃಹಸ್ಥೆಯರು ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ತಮ್ಮ ಬೂಟಿನಲ್ಲೂ ಸಾರ್ ಏನಾದರೂ ಅಡಗಿಸಿಟ್ಟಿದ್ದಾರೋ ಎಂದು ಕರುಳು ಬಗೆಯುವಂತೆ ಬಗೆದರು. ಅಂಟು, ನೂಲು, ಒಂದು ಸತ್ತ ಜೇಡ. ಬೇರೇನೂ ಸಿಗಲಿಲ್ಲ.

"ನಂದ್ರಲ್ಲಿ ಏನೂ ಇಲ್ಲ," ಎಂದಳು ಕ್ಯಾಪ್ಟನ್, ಕ್ಲಾಸಿನಲ್ಲಿ ಬಹುಮಾನ ತಪ್ಪಿದವಳ ದನಿಯಲ್ಲಿ.

ತಂಗಿ ತನ್ನ ಬೂಟನ್ನು ಮುಟ್ಟಿರಲಿಲ್ಲ. ಗೋಡೆಗೊರಗಿ ನಿಂತಿದ್ದಳು. ಅಕ್ಕ ಅವಳನ್ನು ನೋಡಿದಳು. ಒಂದೇ ಬಚ್ಚಲಲ್ಲಿ ಮಿಂದು ಬೆಳೆದವರಿಗೆ ಅಷ್ಟು ಸಾಕು.

"ನಿಂಗೆ ಗೊತ್ತಿತ್ತು."

"ಅಕ್ಕಾ, ಹೊರಗೆ ಬಾ. ಹೇಳ್ತೀನಿ."

"ಇಲ್ಲೇ ಹೇಳು."

ತಂಗಿ ಬೂಟುಗಳನ್ನೇ ನೋಡುತ್ತಾ ಹೇಳಿದಳು. "ಮೊದಲನೇ ವರ್ಷ ಪ್ರತಿ ಮ್ಯಾಚ್ ಆದ್ಮೇಲೂ ನಿಂಗೆ ಸೊಂಟ ನೋವು ಬರ್ತಿತ್ತಲ್ಲ? ಸಾರ್ ನಿನ್ನ ಹಿಂದೆ ನಿಂತು ನೀನು ಓಡೋದನ್ನ ಹದಿನೈದು ದಿನ ನೋಡಿದ್ರಂತೆ. ಆಮೇಲೆ ನನ್ನ ಕೂರಿಸ್ಕೊಂಡು ಹೇಳಿದ್ರು, ನಿಮ್ಮಕ್ಕನ ಎಡಗಾಲು ಚೂರು ಗಿಡ್ಡ ಇದೆ, ಯಾರಿಗೂ ಹೇಳ್ಬೇಡ ಅಂತ. ಚರ್ಮ ಕತ್ತರಿಸಿ ಅಂಟಿಸೋದನ್ನ ನಂಗೆ ಕಲಿಸಿದ್ರು. ಒತ್ತಿ ಒತ್ತಿ ತೆಳ್ಳಗಾದಾಗ ಬದಲಾಯಿಸ್ತಿದ್ವಿ. ಆ ಸೊಟ್ಟಗಿರೋದು ನಾನು ಕತ್ತರಿಸಿದ್ದು. ಅದಕ್ಕೆ ಎಷ್ಟು ಬೈಸ್ಕೊಂಡೆ ಗೊತ್ತಾ!"

ಎರಡನೇ ವರ್ಷ ಸೊಂಟನೋವು ನಿಂತದ್ದು ಅಕ್ಕನಿಗೆ ಚೆನ್ನಾಗಿ ನೆನಪಿತ್ತು. ತಾನೇ ಪುಸ್ತಕ ಓದಿ ಕಲಿತ ವ್ಯಾಯಾಮದ ಫಲ ಎಂದು ನಂಬಿದ್ದಳು. ದಿನಕ್ಕೆ ಎಷ್ಟು ಎಂದು ಬರೆದಿಟ್ಟಿದ್ದಳು ಕೂಡ. ಆಟ ಬಿಟ್ಟ ಮೇಲೆ ನೋವು ಮರಳಿತ್ತು. ಅದನ್ನು ಅವಳು ಎಕ್ಸ್-ರೇ ಕೋಣೆಯಲ್ಲಿ ದಿನವಿಡೀ ತೊಡುವ ಭಾರದ ಸೀಸದ ಅಂಗಿಯ ತಲೆಗೆ ಕಟ್ಟಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಸಾರ್ ಆಣೆ ಹಾಕಿಸಿದ್ರು. 'ಅವಳು ಎಲ್ಲಾನೂ ಅಳೆಯೋ ಹುಡುಗಿ. ಗೊತ್ತಾದ ದಿನಾನೇ ಕುಂಟೋಕೆ ಶುರು ಮಾಡ್ತಾಳೆ' ಅಂದ್ರು."

ಗೋಲ್‌ಕೀಪರ್ ಸತ್ತ ಜೇಡವನ್ನು ಮೆಲ್ಲಗೆ ಆಚೆ ತಳ್ಳಿದಳು.

"ಬೈಯೋದು?" ಎಂದಳು ಅಕ್ಕ. "ನಂಗೆ ಒಂದು ದಿನಾನೂ ಯಾಕೆ ಬೈಲಿಲ್ಲ?"

"ನಾನೂ ಕೇಳಿದ್ದೆ. ನಂಗೊಬ್ಬಳಿಗೇ ಯಾಕೆ, ಅವಳಿಗೂ ಬೈರಿ ಅಂತ. 'ಅವಳು ನನಗಿಂತ ಮುಂಚೆ ತನಗೆ ತಾನೇ ಬೈದ್ಕೊಂಡಿರ್ತಾಳೆ. ಅದೇ ತಪ್ಪಿಗೆ ಎರಡನೇ ಸಲ ನಾನ್ಯಾಕೆ ಬೈಲಿ' ಅಂದ್ರು." ತಂಗಿ ಮೂಗು ಒರೆಸಿಕೊಂಡಳು. "ನಿಂಗೇನು ಗೊತ್ತು ಅಕ್ಕಾ. ತಿಂಗಳು ತಿಂಗಳೂ ನಿನ್ನ ಹಿಮ್ಮಡಿ ಪುರಾಣ ಕೇಳಿ ಕೇಳಿ ನಂಗೆ ಹೊಟ್ಟೆ ಉರಿದು ಹೋಗಿತ್ತು. ಇಷ್ಟು ವರ್ಷ ಹೇಳ್ದೆ ಇದ್ದಿದ್ದು ಆಣೆಗೆ ಹೆದರಿ ಒಂದೇ ಅಲ್ಲ. ನಂಗೆ ಗೊತ್ತು, ನಿಂಗೆ ಗೊತ್ತಿಲ್ಲ ಅನ್ನೋಕೆ ನನ್ನ ಹತ್ರ ಇದ್ದಿದ್ದು ಅದೊಂದೇ."

ಇಂಥ ಮಾತು ಕೇಳಿದ ಮೇಲೆ ತಂಗಿಯನ್ನು ತಬ್ಬಿಕೊಳ್ಳಬೇಕು ಎಂದು ಅಕ್ಕನಿಗೆ ಗೊತ್ತಿತ್ತು. ಅವಳು ತಬ್ಬಿಕೊಳ್ಳಲಿಲ್ಲ. ತನ್ನ ಕಾಲನ್ನು ಅಳೆದೇ ನೋಡಬೇಕೆಂದು ತಂಗಿಯ ಕಾರಿನಲ್ಲಿ ಆಸ್ಪತ್ರೆಯ ಕಡೆ ಹೋಗುವಾಗ ಅವಳ ತಲೆ ತನ್ನ ಪಾಡಿಗೆ ಲೆಕ್ಕ ಹಾಕುತ್ತಿತ್ತು. ಎರಡನೇ ಮತ್ತು ಮೂರನೇ ವರ್ಷ ಸೇರಿ ಸುಮಾರು ನೂರ ನಲವತ್ತು ಸಂಜೆ. ಒಂದೊಂದು ಸಂಜೆಗೆ ಇಪ್ಪತ್ತು ನಿಮಿಷ. ನಲವತ್ತಾರು ಗಂಟೆ ನಲವತ್ತು ನಿಮಿಷ. ತಾನು ಗೇಟಿನ ಕಂಬಿ ಎಣಿಸುತ್ತಾ ನಿಂತಿದ್ದಾಗ ಇವಳು ಅವರೆದುರು ಕೂತಿದ್ದ ಹೊತ್ತು.

"ದಿನಾ ನನ್ನ ಬೂಟಿನದೇ ಕೆಲಸಾನಾ?" ಎಂದು ಕೇಳಿದಳು.

"ಎಲ್ಲಿ ದಿನಾ! ತಿಂಗಳಿಗೊಂದು ಸಲ. ಉಳಿದ ದಿನ ಬರೀ ಎಣ್ಣೆ, ಬರೀ ಹರಟೆ. ಪ್ರೆಸ್ಸಲ್ಲಿ ಅಕ್ಷರ ತಲೆಕೆಳಗಾದ ಕತೆ ಹೇಳ್ತಿದ್ರು, ನಕ್ಕೂ ನಕ್ಕೂ..." ತಂಗಿ ತಕ್ಷಣ ಬಾಯಿಗೆ ಬೀಗ ಹಾಕಿಕೊಂಡು ಗೇರು ಬದಲಿಸಿದಳು.

ತಿಂಗಳಿಗೊಂದು. ಅಕ್ಕ ಕಳೆದು ನೋಡಿದಳು. ಎರಡು ವರ್ಷಕ್ಕೆ ಎಂಟು ಗಂಟೆ ತನ್ನದು. ಉಳಿದ ಮೂವತ್ತೆಂಟು ಗಂಟೆ ನಲವತ್ತು ನಿಮಿಷ ತಂಗಿಯದೇ, ಅದನ್ನು ಯಾವ ಚರ್ಮದ ತುಂಡೂ ಭರ್ತಿ ಮಾಡುವುದಿಲ್ಲ. ಕಿಟಕಿಯಾಚೆ ಭಾನುವಾರದ ಮುಚ್ಚಿದ ಅಂಗಡಿಗಳು ಹಿಂದೆ ಸರಿಯುತ್ತಿದ್ದವು. ಎಂಟು ಗಂಟೆ. ಅವಳು ಅದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡಳು. ಸಾಲದು, ಆದರೂ ಬೆಳಿಗ್ಗೆ ಬೀಗ ತೆಗೆಯುವಾಗ ಒಂದು ನಿಮಿಷವೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಅವಳು ಅಡ್ಡದಾರಿ ಹಿಡಿಯಲಿಲ್ಲ. ಪಾಳಿಯ ವೈದ್ಯರಿಗೆ ಸೊಂಟನೋವಿನ ಕತೆ ಹೇಳಿ, ಚೀಟಿ ಬರೆಸಿಕೊಂಡು, ಉಳಿದ ರೋಗಿಗಳ ಹಿಂದೆ ಸರದಿಯಲ್ಲಿ ಕೂತಳು. ಅಂದು ಯಂತ್ರದ ಮುಂದೆ ಇದ್ದವನು ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಸಹೋದ್ಯೋಗಿ.

"ಏನ್ ಮೇಡಂ, ರಜಾ ದಿನ ಮನೇಲಿ ಬೇಜಾರಾ?"

"ಎರಡೂ ಕಾಲು, ಸೊಂಟದಿಂದ ಹಿಮ್ಮಡಿವರೆಗೆ. ನಿಂತ ಭಂಗಿ. ಅಳತೆಪಟ್ಟಿ ಮಧ್ಯಕ್ಕೆ ಬರಲಿ."

"ನಂಗೇ ಪಾಠ ಹೇಳ್ತೀರಲ್ಲ. ನೆಟ್ಟಗೆ ನಿಂತ್ಕೊಳ್ಳಿ ಮೊದಲು."

ಇಪ್ಪತ್ತೆರಡು ವರ್ಷ ಅವಳು ಇತರರನ್ನು ನಿಲ್ಲಿಸಿದ್ದ ಜಾಗ ಅದು. ನೆಲದ ಮೇಲೆ ತಾನೇ ಅಂಟಿಸಿದ್ದ ಹೆಜ್ಜೆಗುರುತುಗಳ ಮೇಲೆ ಬರಿಗಾಲಲ್ಲಿ ನಿಂತಳು. ಕಲ್ಲುಹಾಸು ತಣ್ಣಗಿತ್ತು. ಸಾವಿರಾರು ಜನರ ಮೂಳೆ ಅಳೆದ ತನಗೆ ತನ್ನದೇ ಒಂದು ಮೂಳೆಯ ಸುದ್ದಿ ಗೊತ್ತಿಲ್ಲದೆ ಹೋಯಿತಲ್ಲ ಎಂದು ನಾಚಿಕೆಯಾಯಿತು. ಯಂತ್ರವಿಲ್ಲ, ಪಟ್ಟಿಯಿಲ್ಲ, ಒಬ್ಬ ಅಚ್ಚು ಜೋಡಿಸುವ ಮನುಷ್ಯ, ಸಂಜೆಗತ್ತಲಲ್ಲಿ ಬೆನ್ನ ಹಿಂದೆ ನಿಂತು, ಓಡುವವಳನ್ನು ಹದಿನೈದು ದಿನ ನೋಡಿ ಹಿಡಿದುಬಿಟ್ಟ. ತನ್ನನ್ನು ನೋಡುತ್ತಿಲ್ಲವೆಂದು ಅವಳು ಉರಿದುಕೊಂಡ ದಿನಗಳಲ್ಲಿ ಆ ಹದಿನೈದೂ ಇದ್ದವು.

ಚಿತ್ರ ಪರದೆಗೆ ಬಂದಾಗ ಅವಳೇ ಅಳೆದಳು. ತೊಡೆಮೂಳೆಯ ತುದಿಯಿಂದ ಕಣಕಾಲಿನ ಕೀಲಿನವರೆಗೆ ಒಂದೊಂದು ಕಾಲನ್ನೂ ಮೂರು ಸಲ. ಮೂರು ಸಲವೂ ಒಂದೇ ಉತ್ತರ. ಅದನ್ನು ಅಂಗೈಯಲ್ಲಿ ಬರೆದುಕೊಂಡಳು.

ಐದು ಗಂಟೆಗೆ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಸಾರ್ ಅವರ ಹೆಂಡತಿ ಕೂತಿದ್ದರು. ಕ್ಯಾಪ್ಟನ್ ಜ್ವರದ ಕತೆ ಹೇಳಿದಳು, ಗೋಲ್‌ಕೀಪರ್ ಮದುವೆಯದು. ತಂಗಿ ವೇದಿಕೆಗೆ ಬರುತ್ತಲೇ ಸಾರ್ ದನಿಯಲ್ಲಿ "ಏ ಗಾಳಿಪಟ!" ಎಂದು ಕೂಗಿದಳು. ಇಡೀ ಸಭೆ ಬೆಚ್ಚಿಬಿದ್ದು, ಆಮೇಲೆ ನಕ್ಕಿತು. ಅಳಬಾರದು ಎಂದಿದ್ದ ಕ್ಯಾಪ್ಟನ್ನೇ ಎಲ್ಲರಿಗಿಂತ ಮೊದಲು ಅತ್ತಳು. ತಂಗಿ ಎಷ್ಟು ಚೆನ್ನಾಗಿ ಆ ದನಿ ಹಿಡಿದಿದ್ದಳೆಂದರೆ ಅಕ್ಕನ ಹೊಟ್ಟೆಯಲ್ಲಿ ಹಳೆಯ ಕೆಂಡ ಮತ್ತೊಮ್ಮೆ ಮಿನುಗಿತು. ಅದು ಆರುವುದಿಲ್ಲ, ಆರಬೇಕಾದ ಅಗತ್ಯವೂ ಇಲ್ಲ ಎಂದು ಅವಳಿಗೆ ಅನ್ನಿಸಿತು.

ಅವಳ ಸರದಿ ಬಂತು. ಚೀಲದಲ್ಲಿದ್ದ ಹಾಳೆಯನ್ನು ಅಲ್ಲೇ ಬಿಟ್ಟು ಎದ್ದಳು. ಮೈಕನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡಳು. ತಂಗಿ ಅವಳನ್ನೇ ನೋಡುತ್ತಿದ್ದಳು.

"ಸಾರ್ ನಂಗೆ ಒಂದು ದಿನವೂ ಬೈದಿಲ್ಲ," ಎಂದಳು ಅಕ್ಕ. "ಇವರೆಲ್ಲರನ್ನೂ ಕಂಡರೆ ನಂಗೆ ಹೊಟ್ಟೆಕಿಚ್ಚು. ಇವತ್ತಿಗೂ ಇದೆ."

ಸಭೆಯಲ್ಲಿ ಸಣ್ಣ ನಗು ಎದ್ದು ತಾನಾಗಿ ಅಡಗಿತು. ಸಾರ್ ಅವರ ಹೆಂಡತಿ ನಗಲಿಲ್ಲ, ಕನ್ನಡಕ ಸರಿಪಡಿಸಿಕೊಂಡು ಮುಂದಕ್ಕೆ ಬಾಗಿದರು. ಅಕ್ಕ ಅವರನ್ನೇ ನೋಡಿಕೊಂಡು, ಆಸ್ಪತ್ರೆಯಲ್ಲಿ ವರದಿ ಓದುವ ದನಿಯಲ್ಲಿ, ಸ್ಪಷ್ಟವಾಗಿ ಹೇಳಿದಳು:

"ನನ್ನ ಎಡಗಾಲು ಬಲಗಾಲಿಗಿಂತ ಒಂಬತ್ತು ಮಿಲಿಮೀಟರ್ ಗಿಡ್ಡ."